ಪುಸ್ತಕದ ಬೆನ್ನು

ಲಂಡನ್ನಿನ ಬ್ಲಾಂಡ್‌ಫರ್ಡ್ ಬೀದಿಯಲ್ಲಿ ಜಾರ್ಜ್ ರೀಬೋ ಎಂಬಾತನದೊಂದು ಪುಸ್ತಕದಂಗಡಿ ಇದ್ದಿತು. ೧೮೦೫ನೆಯ ಇಸವಿಯಲ್ಲಿ ಕಮ್ಮಾರನ ಮಗನಾದ ಹದಿನಾಲ್ಕು ವರ್ಷದ ಹುಡುಗನೊಬ್ಬನು ಅಲ್ಲಿ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದನು. ಏಳು ವರ್ಷಗಳ ಕಾಲ ಹಾಳೆ ಮಡಿಸಿದನು, ಹೊಲಿದನು, ಅಂಟು ಬಳಿದನು. ಹೊಲಿಗೆಗೆ ಬಂದ ಪುಸ್ತಕಗಳನ್ನು ಬಿಡುವಿನ ವೇಳೆಯಲ್ಲಿ ಓದಿದನು. ೧೮೧೨ರಲ್ಲಿ, ಅಂಗಡಿಯ ಗಿರಾಕಿಯೊಬ್ಬರ ಕೃಪೆಯಿಂದ, ಪ್ರಸಿದ್ಧ ರಸಾಯನಶಾಸ್ತ್ರಜ್ಞರಾದ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಆತನಿಗೆ ಒದಗಿತು. ಕೇಳಿದುದನ್ನೆಲ್ಲ ಶುದ್ಧಪ್ರತಿಯಾಗಿ ಬರೆದು, ಉಪಕರಣಗಳ ಚಿತ್ರಗಳನ್ನು ಬಿಡಿಸಿ, ಹಾಳೆಗಳನ್ನು ತಾನೇ ಹೊಲಿದು ರಟ್ಟು ಕಟ್ಟಿ, ಆ ಪುಸ್ತಕವನ್ನು ಡೇವಿಯವರಿಗೆ ಕಳುಹಿಸಿದನು. ೧೮೧೩ರ ಮಾರ್ಚ್ ತಿಂಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದಲ್ಲಿ ಆತನಿಗೆ ಸಹಾಯಕನ ಕೆಲಸ ದೊರೆಯಿತು. ಆ ಹುಡುಗನೇ ಮೈಕೇಲ್ ಫ್ಯಾರಡೆ.

ಫ್ಯಾರಡೆಯ ನಿಯಮಗಳನ್ನು ಪ್ರತಿವರ್ಷವೂ ತರಗತಿಯಲ್ಲಿ ಪಾಠಹೇಳುವ ನಾವು, ಆತನ ಕೈಗಳು ಆ ಏಳು ವರ್ಷಗಳಲ್ಲಿ ಏನನ್ನು ಕಲಿತುವೆಂಬುದನ್ನು ಬಹುಕಾಲ ವಿಚಾರಿಸಿಯೇ ಇರಲಿಲ್ಲ. ವಿಚಾರಿಸುವಂತೆ ಮಾಡಿದುದು ನಮಗೆ ಒದಗಿದ ಒಂದು ನಷ್ಟ.

ನಮ್ಮ ತಂದೆಯವರು ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರಾಗಿದ್ದರು. ರೇಖಾಗಣಿತದ ಸಮಸ್ಯೆಗಳನ್ನು ಬಿಡಿಸಿ ಬರೆದಿಟ್ಟಿದ್ದ ಅವರ ಪುಸ್ತಕವೊಂದು, ಹಾಳೆಗಳು ಸಡಿಲಗೊಂಡ ಸ್ಥಿತಿಯಲ್ಲಿ, ನಮ್ಮ ಪಾಲಿಗೆ ಬಂದಿತು. ಅದನ್ನು ಬೈಂಡಿಂಗ್ ಅಂಗಡಿಯೊಂದಕ್ಕೆ ಒಯ್ದು, “ಗಟ್ಟಿಯಾಗಿರಬೇಕು” ಎಂದಷ್ಟೇ ಹೇಳಿ ಬಂದೆವು. ವಾರದ ಮೇಲೆ ಕೈಗೆ ಬಂದ ಪುಸ್ತಕವು ಇಟ್ಟಿಗೆಯಂತೆ ಗಟ್ಟಿಯಾಗಿದ್ದಿತು. ಬೆನ್ನಿನಿಂದ ಒಂದು ಸೆಂಟಿಮೀಟರು ಒಳಕ್ಕೆ ತೂತು ಕೊರೆದು ಹೊಲಿದಿದ್ದರು. ತೆರೆದ ಪುಟವು ಕೈಬಿಟ್ಟೊಡನೆ ಮುಚ್ಚಿಕೊಳ್ಳುತ್ತಿದ್ದಿತು; ಒತ್ತಿ ತೆರೆದರೆ ಹಳೆಯ ಕಾಗದವು ಹೊಲಿಗೆಯ ಗೆರೆಯಲ್ಲೇ ಮುರಿಯುತ್ತಿದ್ದಿತು. ಇದಕ್ಕಿಂತ ದೊಡ್ಡ ಹಾನಿ ಇನ್ನೊಂದು. ಅಂಚುಗಳು ಸಮನಾಗಿ ಕಾಣಲೆಂದು ಮೂರು ಕಡೆಗಳನ್ನೂ ಯಂತ್ರದಲ್ಲಿ ಕತ್ತರಿಸಿದ್ದರು. ಅಂಚಿನ ಬಿಳಿಯ ಜಾಗದಲ್ಲಿ ತಂದೆಯವರು ಸಣ್ಣಕ್ಷರಗಳಲ್ಲಿ ಬರೆದಿದ್ದ ಟಿಪ್ಪಣಿಗಳ ಕೊನೆಗಳು ಅಂಗಡಿಯ ಕಸದೊಡನೆ ಹೋಗಿದ್ದುವು. ಒಂದು ಪುಟದಲ್ಲಿ “ಇದಕ್ಕೆ ಇನ್ನೂ ಸುಲಭವಾದ ಮಾರ್ಗ” ಎಂಬವರೆಗೆ ಉಳಿದಿದೆ. ಮಾರ್ಗ ಯಾವುದೆಂಬುದು ಉಳಿದಿಲ್ಲ.

ತಪ್ಪು ಕಟ್ಟಿದವರದು ಮಾತ್ರವೆಂದು ಹೇಳಲಾರೆವು. ನಾವು ಕೇಳಿದುದು ಗಟ್ಟಿತನವನ್ನು. ಅವರು ಕೊಟ್ಟುದೂ ಅದನ್ನೇ. ಒಳ್ಳೆಯ ಕಟ್ಟಿಗೆ ಇನ್ನೇನು ಬೇಕೆಂಬುದು ನಮಗೇ ತಿಳಿದಿರಲಿಲ್ಲ. ಅದನ್ನು ತಿಳಿಯಲು ಸೂಜಿ ದಾರಗಳನ್ನು ಹಿಡಿದು ಕುಳಿತಾಗ, ಈ ಕಸುಬಿನ ಒಂದೊಂದು ಪದ್ಧತಿಯ ಹಿಂದೆಯೂ ನಾವು ಪಾಠಹೇಳುವ ಭೌತಶಾಸ್ತ್ರವೇ ನಿಂತಿರುವುದು ಕಂಡುಬಂದಿತು. ಅದನ್ನು ನಮ್ಮ ವಿದ್ಯಾರ್ಥಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎರಡು ವಿರುದ್ಧ ಬೇಡಿಕೆಗಳು

ಪುಸ್ತಕವು ಒಂದು ಬಗೆಯ ಯಂತ್ರ. ಹಾಳೆಗಳು ಕಳಚಿ ಹೋಗಬಾರದು ಎಂಬುದು ಅದರ ಮೇಲಿನ ಮೊದಲನೆಯ ಬೇಡಿಕೆ. ಪ್ರತಿಯೊಂದು ಹಾಳೆಯೂ ಬಾಗಿಲಿನಂತೆ ಸುಲಭವಾಗಿ ತಿರುಗಬೇಕು ಎಂಬುದು ಎರಡನೆಯದು. ಬಿಗಿದಷ್ಟೂ ಚಲನೆ ಕಡಿಮೆ, ಸಡಿಲಿಸಿದಷ್ಟೂ ಹಿಡಿತ ಕಡಿಮೆ. ಈ ಎರಡನ್ನೂ ಹೊಂದಿಸುವುದೇ ಬೈಂಡರನ ಚಾತುರ್ಯ.

ನಮ್ಮ ಪೂರ್ವಿಕರ ಓಲೆಗರಿಯ ಕಟ್ಟಿನಲ್ಲಿ ಈ ಸಮಸ್ಯೆಗೆ ಸರಳವಾದ ಪರಿಹಾರವಿದ್ದಿತು. ತಾಳೆಯ ಗರಿಯನ್ನು ಮಡಿಸಿದರೆ ಸೀಳುವುದು. ಆದುದರಿಂದ ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಸುತ್ತಿಡುತ್ತಿದ್ದರು. ಓದುವಾಗ ದಾರ ಸಡಿಲ, ಓದಿದ ಮೇಲೆ ಬಿಗಿ.

ಕಾಗದವಾದರೋ ಮಡಿಕೆಯನ್ನು ತಾಳಬಲ್ಲುದು. ಮಡಿಸಿದ ಹಾಳೆಗಳನ್ನು ಒಂದರೊಳಗೊಂದು ಸೇರಿಸಿ, ಮಡಿಕೆಯ ಗೆರೆಯಲ್ಲೇ ಸೂಜಿ ಹಾಯಿಸಿ ಹೊಲಿದರೆ, ಕಟ್ಟು ಬೆನ್ನಿನಲ್ಲಿ ಮಾತ್ರ ಇರುವುದು, ಪುಟವೆಲ್ಲ ಸ್ವತಂತ್ರವಾಗಿರುವುದು. ಹೀಗೆ ಸೇರಿಸಿದ ಹಾಳೆಗಳ ಒಂದು ಗುಂಪನ್ನು ನಮ್ಮ ಮುದ್ರಣಾಲಯಗಳಲ್ಲಿ ಫಾರಂ ಎನ್ನುವರು. ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ೧೯೪೫ರಲ್ಲಿ ದೊರೆತ, ನಾಲ್ಕನೆಯ ಶತಮಾನದವೆಂದು ಎಣಿಸಲಾದ ತೊಗಲು ಹೊದಿಕೆಯ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ದಪ್ಪ ಫಾರಮ್ಮಿನಿಂದಾದುವು. ಒಳಗಿನ ಹಾಳೆಗಳು ಹೊರಗಿನವುಗಳಿಗಿಂತ ಅಗಲದಲ್ಲಿ ಕಿರಿದಾಗಿವೆ. ಇದಕ್ಕೆ ಕಾರಣವು ಸ್ಪಷ್ಟ. ಹೊರಗಿನ ಹಾಳೆಯು ಒಳಗಿನವುಗಳ ದಪ್ಪವನ್ನೆಲ್ಲ ಬಳಸಿಕೊಂಡು ಬರಬೇಕಾದುದರಿಂದ ಒಳಗಿನವು ಮುಂದಕ್ಕೆ ಚಾಚಿಕೊಳ್ಳುವುವು. ಹಾಳೆಯ ದಪ್ಪ ೦.೧ ಮಿಲಿಮೀಟರು ಎಂದು ಹಿಡಿದರೆ, ನಾಲ್ಕು ಹಾಳೆಗಳ ಫಾರಮ್ಮಿನಲ್ಲಿ ಈ ಚಾಚು ೦.೩ ಮಿಲಿಮೀಟರು ಮಾತ್ರ. ನಲವತ್ತು ಹಾಳೆಗಳಾದರೆ ಸುಮಾರು ೪ ಮಿಲಿಮೀಟರು. ಅನೇಕ ಸಣ್ಣ ಫಾರಮ್ಮುಗಳನ್ನು ಒಂದಕ್ಕೊಂದು ಹೊಲಿದು ದೊಡ್ಡ ಪುಸ್ತಕವನ್ನು ಮಾಡುವುದರ ಲಾಭಗಳಲ್ಲಿ ಇದೊಂದು.

ನಾರಿನ ದಿಕ್ಕು

ಕೆಲಸಕ್ಕೆ ತೊಡಗುವ ಮುನ್ನ ಕಾಗದದ ಸ್ವಭಾವವನ್ನು ಅರಿಯಬೇಕು. ಕಾಗದವೆಂದರೆ ಸೆಲ್ಯುಲೋಸ್ ನಾರುಗಳ ತೆಳುವಾದ ಚಾಪೆ. ಕಾರ್ಖಾನೆಯಲ್ಲಿ ನೀರಿನೊಡನೆ ಬೆರೆತ ನಾರು ಓಡುವ ಜಾಲರಿಯ ಮೇಲೆ ಬೀಳುವುದರಿಂದ, ಹೊಳೆಯ ಸೆಳವಿಗೆ ಸಿಕ್ಕ ಹುಲ್ಲುಕಡ್ಡಿಗಳಂತೆ ಹೆಚ್ಚಿನ ನಾರುಗಳು ಓಟದ ದಿಕ್ಕಿಗೇ ತಿರುಗಿ ಮಲಗುವುವು. ತೇವ ತಗುಲಿದಾಗ ನಾರು ಉದ್ದದಲ್ಲಿ ಬೆಳೆಯುವುದು ಅತ್ಯಲ್ಪ; ದಪ್ಪದಲ್ಲಿ ಉಬ್ಬುವುದು ಹೆಚ್ಚು. ಆದುದರಿಂದ ಹಾಳೆಯು ನಾರಿಗೆ ಅಡ್ಡವಾಗಿ ಹೆಚ್ಚು ಹಿಗ್ಗುವುದು, ನಾರಿನುದ್ದಕ್ಕೆ ಕಡಿಮೆ.

ಇದರಿಂದ ಬೈಂಡರನ ಮೊದಲನೆಯ ಸೂತ್ರ ಹೊರಡುವುದು: ನಾರಿನ ದಿಕ್ಕು ಪುಸ್ತಕದ ಬೆನ್ನಿಗೆ ಸಮಾಂತರವಾಗಿರಬೇಕು. ಹಾಗಿದ್ದರೆ ಮಳೆಗಾಲದ ತೇವಕ್ಕೆ ಹಾಳೆಯು ಮುಂದಿನ ಅಂಚಿನ ಕಡೆಗೆ ಹಿಗ್ಗುವುದು. ಅಲ್ಲಿ ಅದನ್ನು ತಡೆಯುವವರಿಲ್ಲ. ನಾರು ಬೆನ್ನಿಗೆ ಅಡ್ಡವಾಗಿದ್ದರೆ ಹಾಳೆಯು ಬೆನ್ನಿನುದ್ದಕ್ಕೆ ಹಿಗ್ಗಲು ಹವಣಿಸುವುದು. ೨೧೦ ಮಿಲಿಮೀಟರು ಎತ್ತರದ ಹಾಳೆ ನೂರಕ್ಕೆ ಒಂದರಷ್ಟು ಹಿಗ್ಗಿದರೂ ೨ ಮಿಲಿಮೀಟರಿಗೆ ಜಾಗ ಬೇಕು. ಹೊಲಿಗೆಯೂ ಅಂಟೂ ಅದನ್ನು ಬಿಗಿಹಿಡಿದಿರುವುವು. ಹೋಗಲು ದಾರಿಯಿಲ್ಲದೆ ಹಾಳೆಯು ಅಲೆಅಲೆಯಾಗಿ ಸುಕ್ಕುಗಟ್ಟುವುದು. ಮಲೆನಾಡಿನ ಮನೆಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಇಂತಹ ಪುಸ್ತಕಗಳನ್ನು ನೋಡಿದವರಿಗೆ ಇದು ಪರಿಚಿತ.

ದಿಕ್ಕನ್ನು ಕಂಡುಹಿಡಿಯುವುದು ಸುಲಭ. ಕಾಗದದ ಚೌಕವೊಂದರ ಒಂದು ಮೈಯನ್ನು ಮಾತ್ರ ಒದ್ದೆ ಮಾಡಿರಿ. ಅದು ಕೊಳವೆಯಂತೆ ಸುರುಳಿಕೊಳ್ಳುವುದು. ಕೊಳವೆಯ ಉದ್ದವೇ ನಾರಿನ ದಿಕ್ಕು. ರಟ್ಟನ್ನಾದರೆ ಎರಡು ದಿಕ್ಕುಗಳಲ್ಲಿಯೂ ಮೆಲ್ಲನೆ ಬಾಗಿಸಿ ನೋಡಬೇಕು. ಸುಲಭವಾಗಿ ಬಾಗಿದಾಗ ಬಾಗಿನ ಗೆರೆಯು ನಾರಿಗೆ ಸಮಾಂತರವಾಗಿರುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಈಗ ಎಲ್ಲೆಡೆ ದೊರೆಯುವ ಎ-೪ ಅಳತೆಯ ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದನೆಯ ಅಂಚಿನ ಗುಂಟ ಇರುವುದು. ಅವುಗಳನ್ನು ನಡುವೆ ಮಡಿಸಿದರೆ ಮಡಿಕೆಯು ನಾರನ್ನು ಅಡ್ಡಗಡಿಯುವುದು. ಉದ್ದಕ್ಕೆ ನಾರಿರುವ ಎ-೩ ಹಾಳೆಯನ್ನು ಕೊಂಡು ಎರಡಾಗಿ ಕತ್ತರಿಸಿದರೆ, ದೊರೆಯುವ ಎ-೪ ತುಂಡುಗಳಲ್ಲಿ ನಾರು ಗಿಡ್ಡ ಅಂಚಿನ ಗುಂಟ ಇರುವುದು. ಮಡಿಕೆಯೂ ಅದೇ ದಿಕ್ಕಿನಲ್ಲಿ ಬರುವುದು.

ಹೊಲಿಗೆ

ನಾಲ್ಕು ಹಾಳೆಗಳಿಗೆ ಒಂದು ಫಾರಂ, ಒಟ್ಟು ಎಂಟು ಫಾರಮ್ಮುಗಳು: ೧೨೮ ಪುಟಗಳ ಪುಸ್ತಕಕ್ಕೆ ಇಷ್ಟು ಸಾಕು. ಮಡಿಸಿದ ಫಾರಮ್ಮುಗಳನ್ನು ಎರಡು ಹಲಗೆಗಳ ನಡುವೆ ಒಂದು ರಾತ್ರಿ ಭಾರದ ಕೆಳಗಿಡಬೇಕು. ಒತ್ತುಯಂತ್ರವಿಲ್ಲದ ಮನೆಯಲ್ಲಿ ರುಬ್ಬುವ ಗುಂಡು ಆ ಕೆಲಸವನ್ನು ಚೆನ್ನಾಗಿ ಮಾಡುವುದು. ಬಳಿಕ ಬೆನ್ನಿನ ಮೇಲೆ ಹೊಲಿಗೆಯ ಗುರುತು ಹಾಕಬೇಕು. ತಲೆಯಿಂದಲೂ ಬುಡದಿಂದಲೂ ಸುಮಾರು ೧೨ ಮಿಲಿಮೀಟರು ಬಿಟ್ಟು ಒಂದೊಂದು ತೂತು. ನಡುವೆ, ೧ ಸೆಂಟಿಮೀಟರು ಅಗಲದ ಮೂರು ಹತ್ತಿಯ ಲಾಡಿಗಳಿಗಾಗಿ, ಒಂದೊಂದರ ಎರಡು ಪಕ್ಕಗಳಲ್ಲಿಯೂ ತೂತುಗಳು. ದಾರಕ್ಕೆ ಜೇನುಮೇಣವನ್ನು ಸವರಿಕೊಂಡರೆ ಸಿಕ್ಕಾಗದು.

ಸೂಜಿಯು ಕೊನೆಯ ತೂತಿನಿಂದ ಫಾರಮ್ಮಿನ ಒಳಹೊಕ್ಕು, ಮಡಿಕೆಯ ಗುಂಟ ಸಾಗಿ, ಪ್ರತಿಯೊಂದು ಲಾಡಿಯ ಬಳಿ ಹೊರಬಂದು ಅದನ್ನು ಬಳಸಿ ಮತ್ತೆ ಒಳಹೋಗುವುದು. ಇನ್ನೊಂದು ತುದಿಯಲ್ಲಿ ಹೊರಬಂದಾಗ ಎರಡನೆಯ ಫಾರಮ್ಮನ್ನು ಮೇಲಿಟ್ಟು ಹಿಂದಿರುಗಬೇಕು. ಮೂರನೆಯದರಿಂದ ಮುಂದಕ್ಕೆ, ಪ್ರತಿ ಸಾಲಿನ ಕೊನೆಯಲ್ಲಿಯೂ ಸೂಜಿಯನ್ನು ಕೆಳಗಿನ ಎರಡು ಫಾರಮ್ಮುಗಳ ನಡುವೆ ತೂರಿಸಿ, ದಾರದ ಕುಣಿಕೆಯೊಳಗಿಂದ ಎಳೆದು ಗಂಟು ಹಾಕಬೇಕು. ಹೀಗೆ ಪ್ರತಿಯೊಂದು ಫಾರಮ್ಮೂ ಲಾಡಿಗಳಿಗೂ ನೆರೆಯ ಫಾರಮ್ಮಿಗೂ ಬಂಧಿತವಾಗುವುದು.

ದಾರವನ್ನು ಬಿಗಿಯುವಾಗ ಬೆನ್ನಿನುದ್ದಕ್ಕೆ, ಹೊಲಿಗೆ ಸಾಗುವ ದಿಕ್ಕಿಗೇ ಎಳೆಯಬೇಕು. ನಮ್ಮತ್ತ ಸೆಳೆದರೆ ಎಳೆತದ ಬಲವೆಲ್ಲ ತೂತಿನ ಅಂಚಿನ ಮೇಲೆ ಬಿದ್ದು ಕಾಗದವು ಹರಿಯುವುದು. ಬಲದ ಪರಿಮಾಣದಷ್ಟೇ ಅದರ ದಿಕ್ಕೂ ಮುಖ್ಯವೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ನಮ್ಮ ಮೊದಲನೆಯ ಪುಸ್ತಕದ ಮೂರು ಫಾರಮ್ಮುಗಳು ಈ ಪಾಠಕ್ಕೆ ಶುಲ್ಕವಾಗಿ ಸಂದುವು.

ದಾರದ ದಪ್ಪವೂ ಲೆಕ್ಕಕ್ಕೆ ಬರುವುದು. ನಮ್ಮ ಪುಸ್ತಕದ ೬೪ ಎಲೆಗಳ ದಪ್ಪವು ೬.೪ ಮಿಲಿಮೀಟರು. ೦.೩ ಮಿಲಿಮೀಟರಿನ ದಾರವು ಎಂಟು ಮಡಿಕೆಗಳಲ್ಲಿಯೂ ಹಾಯ್ದಾಗ ಬೆನ್ನಿನಲ್ಲಿ ಮಾತ್ರ ೨.೪ ಮಿಲಿಮೀಟರು ಹೆಚ್ಚುವುದು. ಒತ್ತಿದರೆ ಇದರಲ್ಲಿ ಸ್ವಲ್ಪ ಅಡಗುವುದಾದರೂ ಫಾರಮ್ಮುಗಳು ಬಹಳವಾದಾಗ ಪುಸ್ತಕವು ಬೆಣೆಯ ಆಕಾರ ತಾಳುವುದು. ದೊಡ್ಡ ಪುಸ್ತಕಗಳ ಬೆನ್ನನ್ನು ಸುತ್ತಿಗೆಯಿಂದ ತಟ್ಟಿ ದುಂಡಗೆ ಮಾಡುವುದು ಅಂದಕ್ಕಾಗಿ ಮಾತ್ರವಲ್ಲ. ದಾರದಿಂದ ಬಂದ ಈ ಉಬ್ಬನ್ನು ಕಮಾನಿನ ಮೇಲೆ ಹಂಚಿಹಾಕುವುದಕ್ಕಾಗಿ.

ಅಂಟಿನ ಮಿತಿ

ಹೊಲಿದ ಕಟ್ಟು ಏಕೆ ಸಲೀಸಾಗಿ ತೆರೆಯುವುದು? ಒಂದು ಸಣ್ಣ ಪ್ರಯೋಗವು ಇದನ್ನು ತೋರಿಸುವುದು. ನಾಲ್ಕು ರಟ್ಟುಕಾಗದದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಾಗಿಸಿರಿ. ಅವು ಒಂದರ ಮೇಲೊಂದು ಜಾರುವುದರಿಂದ ಒಟ್ಟು ಬಿಗಿತವು ಒಂದು ಪಟ್ಟಿಯ ನಾಲ್ಕರಷ್ಟಿರುವುದು. ಈಗ ಅವನ್ನೇ ಮೈಗೆ ಮೈ ಅಂಟಿಸಿ ಒಣಗಿಸಿರಿ. ಬಾಗುವಿಕೆಗೆ ಒಡ್ಡುವ ತಡೆಯು ದಪ್ಪದ ಘನಕ್ಕೆ ಅನುಸಾರವಾಗಿರುವುದರಿಂದ ಬಿಗಿತವು ನಾಲ್ಕರ ಘನ, ಎಂದರೆ ಅರವತ್ತನಾಲ್ಕರಷ್ಟಾಗುವುದು! ಅಂಟು ಹರಿದ ಕಡೆಯೆಲ್ಲ ಹಾಳೆಗಳು ಜಾರುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುವು. ಪಕ್ಕದಿಂದ ಚುಚ್ಚಿ ಹೊಲಿದಾಗಲೂ ಹೀಗೆಯೇ. ಹೊಲಿಗೆಯವರೆಗಿನ ಭಾಗವು ಒಂದೇ ಹಲಗೆಯಂತಾಗಿ, ಪುಟವು ತಿರುಗಬೇಕಾದ ಗೆರೆಯು ಬೆನ್ನನ್ನು ಬಿಟ್ಟು ಬರೆಹದ ಮೇಲಕ್ಕೇ ಬರುವುದು. ನಮ್ಮ ತಂದೆಯವರ ಪುಸ್ತಕಕ್ಕೆ ಆದುದು ಇದೇ.

ಆದುದರಿಂದ ಬೆನ್ನಿಗೆ ಅಂಟನ್ನು ತೆಳುವಾಗಿ ಬಳಿದು, ಜಾಳಾದ ಹತ್ತಿಬಟ್ಟೆಯೊಂದನ್ನು ಅದರ ಮೇಲೆ ಕೂರಿಸಿದರೆ ಸಾಕು. ಮನೆಯಲ್ಲಿ ಮಾಡಬಹುದಾದ ಒಳ್ಳೆಯ ಅಂಟು ಮೈದಾಹಿಟ್ಟಿನದು. ಒಂದು ಅಳತೆ ಹಿಟ್ಟನ್ನು ಐದು ಅಳತೆ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸಬೇಕು. ಕಾವು ಏರಿದಂತೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆದು, ಬಿಳಿಯ ಹಾಲಿನಂತಿದ್ದುದು ಹೊಳಪುಳ್ಳ ಗಂಜಿಯಾಗುವುದು. ಹುಳು ಹಿಡಿಯದಿರಲೆಂದು ಇದಕ್ಕೆ ಮೈಲುತುತ್ತವನ್ನು ಬೆರೆಸುವ ರೂಢಿಯುಂಟು. ಅದು ವಿಷ, ಅಲ್ಲದೆ ತಾಮ್ರದ ಲವಣವು ಕಾಲಾಂತರದಲ್ಲಿ ಕಾಗದವನ್ನೂ ಶಿಥಿಲಗೊಳಿಸುವುದು. ಬೇಕಾದಷ್ಟನ್ನೇ ಹೊಸದಾಗಿ ಬೇಯಿಸಿಕೊಳ್ಳುವುದು ಮೇಲು. ಅಂಗಡಿಯಲ್ಲಿ ದೊರೆಯುವ ಫೆವಿಕಾಲಿನಂತಹ ಬಿಳಿಯ ಅಂಟು ಬೇಗ ಒಣಗುವುದು, ಹುಳುವಿಗೆ ಆಹಾರವಾಗದು. ಆದರೆ ಮುಂದೆಂದಾದರೂ ಪುಸ್ತಕವನ್ನು ಬಿಚ್ಚಿ ಸರಿಪಡಿಸಬೇಕಾದರೆ ಮೈದಾ ಅಂಟು ತೇವಕ್ಕೆ ಬಿಟ್ಟುಕೊಡುವಂತೆ ಅದು ಬಿಟ್ಟುಕೊಡದು. ಅಮೂಲ್ಯವಾದ ಹಳೆಯ ಬರೆಹಗಳಿಗೆ ಅದನ್ನು ತಗುಲಿಸಬಾರದು.

ಇದು ಕೇವಲ ಎಣಿಕೆಯ ಮಾತಲ್ಲ. ೧೯೬೬ರ ನವೆಂಬರ್ ೪ರಂದು ಆರ್ನೋ ನದಿಯು ಉಕ್ಕಿ ಇಟಲಿಯ ಫ್ಲಾರೆನ್ಸ್ ನಗರದ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿತು. ಲಕ್ಷಾಂತರ ಪುಸ್ತಕಗಳು ಕೆಸರಿನಲ್ಲಿ ಮುಳುಗಿದುವು. ಅವುಗಳ ಉದ್ಧಾರಕ್ಕಾಗಿ ಹೋದ ಬೈಂಡರುಗಳಲ್ಲಿ ಒಬ್ಬರಾದ ಕ್ರಿಸ್ಟೊಫರ್ ಕ್ಲಾರ್ಕ್‌ಸನ್ ಒಂದು ಸಂಗತಿಯನ್ನು ಗಮನಿಸಿದರು. ರಟ್ಟೇ ಇಲ್ಲದೆ ಮೆತ್ತನೆಯ ಚರ್ಮಪತ್ರದ ಹೊದಿಕೆಯಲ್ಲಿ ಅಂಟನ್ನು ಹೆಚ್ಚಾಗಿ ಬಳಸದೆ ಹೊಲಿದಿದ್ದ ಹಳೆಯ ಪುಸ್ತಕಗಳು ಇತರ ಅನೇಕ ಪುಸ್ತಕಗಳಿಗಿಂತ ಚೆನ್ನಾಗಿ ಉಳಿದುಕೊಂಡಿದ್ದುವು. ಅಂಟನ್ನು ನಂಬಿದ ಕಟ್ಟು ನೀರಿಗೆ ಸೋತಿತು. ದಾರವನ್ನು ನಂಬಿದುದು ನಿಂತಿತು.

ರಟ್ಟು ಮತ್ತು ಎದುರೆಳೆತ

ರಟ್ಟುಗಳು ಹಾಳೆಗಳಿಗಿಂತ ಮೂರು ಕಡೆಗಳಲ್ಲಿಯೂ ೩ ಮಿಲಿಮೀಟರು ಹೆಚ್ಚಿಗೆ ಇರಲಿ. ಬೆನ್ನಿನ ಪಟ್ಟಿಗೂ ರಟ್ಟಿಗೂ ನಡುವೆ ಸುಮಾರು ೭ ಮಿಲಿಮೀಟರು ತೆರವು ಬಿಟ್ಟರೆ ಅದೇ ಕೀಲಾಗುವುದು. ಬಟ್ಟೆಗೆ ಅಂಟು ಬಳಿದು ಇವುಗಳನ್ನು ಕೂರಿಸಿ, ಅಂಚುಗಳನ್ನು ಒಳಕ್ಕೆ ಮಡಿಸಬೇಕು.

ಹೀಗೆ ಬಟ್ಟೆ ಹೊದಿಸಿದ ರಟ್ಟು ಮರುದಿನ ಹಪ್ಪಳದಂತೆ ಬಾಗಿರುವುದನ್ನು ಕಂಡು ಹೊಸಬರು ಗಾಬರಿಯಾಗುವುದುಂಟು. ಕಾರಣವನ್ನು ನಮ್ಮ ವಿದ್ಯಾರ್ಥಿಗಳು ಊಹಿಸಬಲ್ಲರು. ಅಂಟಿನ ತೇವದಿಂದ ಹಿಗ್ಗಿದ್ದ ಹೊದಿಕೆಯು ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುವುದು. ಕಾವಿಗೆ ಬಾಗುವ ದ್ವಿಲೋಹ ಪಟ್ಟಿಯ ತತ್ತ್ವವೇ ಇದು. ಪರಿಹಾರವೂ ಅಷ್ಟೇ ಸರಳ: ಒಳಮೈಗೂ ಕಾಗದವನ್ನು ಅಂಟಿಸಿದರೆ ಅದು ಎದುರು ದಿಕ್ಕಿಗೆ ಎಳೆಯುವುದು. ಪುಸ್ತಕವನ್ನು ಹೊದಿಕೆಗೆ ಸೇರಿಸುವ ಮೊದಲ ಮತ್ತು ಕೊನೆಯ ಹಾಳೆಗಳು ಈ ಕೆಲಸವನ್ನೂ ಮಾಡುವುವು. ಲಾಡಿಗಳ ತುದಿಗಳು ಅವುಗಳ ಕೆಳಗೆ ರಟ್ಟಿಗೆ ಅಂಟಿಕೊಂಡು ಅಡಗುವುವು. ಬಳಿಕ ಭಾರದ ಕೆಳಗೆ ಒಂದು ದಿನವಾದರೂ ಇರಲಿ, ಅವಸರ ಸಲ್ಲದು.

ಕಡತ

ಚಿತ್ರಗಳು, ಒಣಗಿಸಿದ ಸಸ್ಯಗಳ ಹಾಳೆಗಳು, ನಕ್ಷೆಗಳು ಮುಂತಾದ ಬಿಡಿಹಾಳೆಗಳಿಗೆ ಹೊಲಿಗೆಯು ಹೊಂದದು. ಅವಕ್ಕೆ ಬೇಕಾದುದು ಮಡಿಚುವ ರಟ್ಟಿನ ಹೊದಿಕೆ. ಇಂದು ಕಚೇರಿಗಳಲ್ಲಿ ಇಂತಹುದಕ್ಕೆ ಬಳಸುವ ‘ಕಡತ’ ಎಂಬ ಶಬ್ದವು ಹಳೆಯದು. ಬಟ್ಟೆಗೆ ಹುಣಿಸೆಬೀಜದ ಅಂಟಿನೊಡನೆ ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿದ ಮೇಲೆ ಒಂದರ ಹಿಂದೊಂದು ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿಯ ಮಠದಲ್ಲಿದ್ದ ಕಡತಗಳು ಇತಿಹಾಸಕಾರರಿಗೆ ಉಪಯುಕ್ತವಾದ ಆಕರಗಳಾಗಿವೆ. ಹೊಲಿಗೆಯಿಲ್ಲದೆ ಬಟ್ಟೆಯ ಬಾಗುವ ಗುಣವೊಂದನ್ನೇ ನಂಬಿದ ಕಟ್ಟು ಅದು.

ನಾವು ಮಾಡುವ ಕಡತದಲ್ಲಿಯೂ ಬಟ್ಟೆಯೇ ಕೀಲು. ಎರಡು ರಟ್ಟುಗಳನ್ನು ಪಕ್ಕಪಕ್ಕದಲ್ಲಿಟ್ಟು ನಡುವೆ ತೆರವು ಬಿಟ್ಟು ಬಟ್ಟೆ ಅಂಟಿಸಬೇಕು. ಎಷ್ಟು ತೆರವು? ಒಳಗಿಡುವ ಹಾಳೆಗಳ ದಪ್ಪವು ೧೦ ಮಿಲಿಮೀಟರಾದರೆ ತೆರವೂ ಅಷ್ಟೇ ಸಾಕೆಂದು ತೋರುವುದು. ಆದರೆ ಮುಚ್ಚಿದಾಗ ಹೊರಗಿನ ಬಟ್ಟೆಯು ಹಾಳೆಗಳನ್ನಲ್ಲದೆ ಎರಡು ರಟ್ಟುಗಳ ದಪ್ಪವನ್ನೂ ಬಳಸಿ ಬರಬೇಕು. ರಟ್ಟು ೨.೫ ಮಿಲಿಮೀಟರು ದಪ್ಪವಿದ್ದರೆ ತೆರವು ೧೫ ಮಿಲಿಮೀಟರು ಇರಬೇಕು. ಈ ೫ ಮಿಲಿಮೀಟರುಗಳನ್ನು ಮರೆತವರ ಕಡತವು ಎಂದೂ ಬಾಯಿ ಮುಚ್ಚದು. ಕೆಳಗಿನ ರಟ್ಟಿನ ಉಳಿದ ಮೂರು ಅಂಚುಗಳಿಗೆ ಬಟ್ಟೆಯ ಮಡಿಕೆಗಳನ್ನು ಅಂಟಿಸಿ, ಕಟ್ಟಲು ಲಾಡಿಗಳನ್ನು ಸೇರಿಸಿದರೆ ಕಡತವು ಸಿದ್ಧ.

ಕೊನೆಯ ಮಾತು

ತಂದೆಯವರ ಪುಸ್ತಕದ ಹೊಲಿಗೆಯನ್ನು ಕಳೆದ ಬೇಸಗೆಯ ರಜೆಯಲ್ಲಿ ಬಿಚ್ಚಿದೆವು. ಬಿಡಿಬಿಡಿಯಾಗಿದ್ದ ಎಲೆಗಳನ್ನು ಎರಡೆರಡಾಗಿ ತೆಳುಕಾಗದದ ಪಟ್ಟಿಗಳಿಂದ, ಮೈದಾ ಅಂಟಿನಿಂದ ಜೋಡಿಸಿ, ಮತ್ತೆ ಫಾರಮ್ಮುಗಳನ್ನಾಗಿ ಮಾಡಿ, ಮಡಿಕೆಯಲ್ಲಿ ಹೊಲಿದೆವು. ಅಂಚುಗಳನ್ನು ಕತ್ತರಿಸಲಿಲ್ಲ, ಅವು ಇರುವಂತೆಯೇ ಏರುಪೇರಾಗಿವೆ. ಪುಸ್ತಕವು ಈಗ ಮೇಜಿನ ಮೇಲೆ ಸಪಾಟಾಗಿ ತೆರೆದು ನಿಲ್ಲುವುದು. ಹಿಂದಿನ ಹೊಲಿಗೆಯೊಳಗೆ ಸಿಕ್ಕಿ ಓದಲಾಗದಿದ್ದ ಸಾಲುಗಳೆಲ್ಲ ಬೆಳಕಿಗೆ ಬಂದಿವೆ. ಕತ್ತರಿಸಿಹೋದ ಅಂಚಿನ ಬರೆಹವು ಮಾತ್ರ ಬರಲಿಲ್ಲ, ಬರುವಂತೆಯೂ ಇಲ್ಲ.

ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಅಜ್ಜನ ದಿನಚರಿಯೋ ಅಜ್ಜಿಯು ಬರೆದಿಟ್ಟ ಹಾಡುಗಳ ಪುಸ್ತಕವೋ ಸಡಿಲವಾದ ಹಾಳೆಗಳಾಗಿ ಪೆಟ್ಟಿಗೆಯಲ್ಲಿರಬಹುದು. ಅದನ್ನು ಕಟ್ಟಲು ಕೊಡುವ ಮುನ್ನ ಒಂದು ಖಾಲಿ ಪುಸ್ತಕವನ್ನು ನೀವೇ ಹೊಲಿದು ನೋಡಿರಿ. ಕೆಡುವುದಿದ್ದರೆ ಅದು ಕೆಡಲಿ. ಆಮೇಲೆ ಬೈಂಡರನ ಬಳಿ ಹೋದಾಗ ಎಲ್ಲಿ ಹೊಲಿಯಬೇಕು, ಏನನ್ನು ಕತ್ತರಿಸಬಾರದು ಎಂದು ಹೇಳಲು ನಿಮಗೆ ತಿಳಿದಿರುವುದು. “ಗಟ್ಟಿಯಾಗಿರಬೇಕು” ಎಂದಷ್ಟೇ ಹೇಳಿ ಬರಲಾರಿರಿ.

ಆ ಸಮಸ್ಯೆಗೆ ಇನ್ನೂ ಸುಲಭವಾದ ಮಾರ್ಗವನ್ನು ನಾವು ಈಗಲೂ ಹುಡುಕುತ್ತಿದ್ದೇವೆ.